ವನಜಳ ಮೂರು ಸೀಸೆ ರಕ್ತ

ಆನೆಕಾಲು ರೋಗದ ಹುಳದ ಸಂಶೋಧನೆಗೆಂದು ಗಂಗೊಳ್ಳಿಯ ಮೀನು ಮಾರುವ ವನಜಳ ರಕ್ತವನ್ನು ಮೂರು ಸಲ ತೆಗೆದರು. ಫಲಿತಾಂಶವನ್ನು ಒಮ್ಮೆಯೂ ಹೇಳಲಿಲ್ಲ. ನಾಲ್ಕನೆಯ ಶಿಬಿರದ ಸಾಲಿನಲ್ಲಿ ಅವಳ ಹಿಂದೆಯೇ ನಿಂತಿದ್ದ ಸರಸಳ ಕಿವಿಗೆ ಬಿದ್ದ ಮಾತಿದು.

"ಕೈ ಚಾಚಿ, ವನಜಕ್ಕ," ಎಂದಳು ಸೂಜಿ ಹಿಡಿದ, ಸಂಶೋಧನಾ ತಂಡದ ದಿವ್ಯಾ.

"ಹ್ವಾಯ್, ಹೋದ್ಸಲದ್ದ್ ಎಂತ ಆಯ್ತ್? ನನ್ನ್ ಕಾಲಂಗಿಪ್ಪ ಹುಳ ಸತ್ತಿತಾ, ಬದ್ಕಿ ಇತ್ತಾ?"

"ನಿಮ್ಮ ರಕ್ತದಲ್ಲಿ ಪ್ರತಿಕಾಯ ತುಂಬಾ ಇತ್ತಕ್ಕ. ಹುಳದ ಎದುರು ಮೈಯೇ ಕಟ್ಟಿದ ಸೈನ್ಯ ಇದ್ದಂಗೆ."

"ನನ್ನ್ ಮೈಯಂಗೆ ಸೈನ್ಯವಾ! ಮೀನ್ ಬುಟ್ಟಿಗೆ ಬಾಯಿ ಹಾಕುವ ಬೆಕ್ಕೂ ನಂಗೆ ಹೆದ್ರುದಿಲ್ಲ. ಸೈನ್ಯ ಗೆದ್ದಿತಾ, ಅದನ್ನ್ ಹೇಳ್."

"ಪ್ರತಿಕಾಯ ನೋಡಿ ಅದನ್ನ ಹೇಳೂಕಾಗುದಿಲ್ಲ. ಬೇರೆ ಪರೀಕ್ಷೆಯೂ ಮಾಡಿದ್ರ್. ಆದ್ರೆ ಒಬ್ಬೊಬ್ಬರಿಗೆ ಹೇಳುವ ಕ್ರಮ ಇಲ್ಲ."

"ಕಾಣ್, ನಾನೆಂಥ ಪೆದ್ದಿ! ತಾಜಾ ಹೌದಾ ಕಾಣಿ ಅಂತ ಕಿವಿರು ಎತ್ತಿ ತೋರ್ಸದೆ ಒಂದ್ ಬಂಗ್ಡೆಯನ್ನೂ ಮಾರದವಳು, ಮೂರ್ ಸೀಸೆ ರಕ್ತ ಕಣ್ಣ್ ಮುಚ್ಚಿ ಕೊಟ್ಟೆ."

"ಇದೊಂದ್ಸಲ, ಅಕ್ಕ. ಚಾಚಿ."

ವನಜ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು, ಊದಿದ ಕಾಲೆಳೆಯುತ್ತ ಬಾಗಿಲ ಕಡೆ ನಡೆದಳು.

"ಚಾಚುದಿಲ್ಲ, ಹೆಣ್ಣೇ. ಆ ಮೂರೂ ಸಲದ್ ಪರೀಕ್ಷೆ ಕಾಗ್ದ ತಂದ್ ನನ್ನೆದ್ರು ಓದ್, ಕೈ ಚಾಚುದ್ ಮತ್ತೆ ಕಾಂಬ."