ಎರಡನೇ ತೊಟ್ಟಿಯ ನೀರು

...ಬೇಡ ಬೇಬಕ್ಕಾ, ಚಹಾ ಬೇಡ. ನೀವು ಕೂತ್ಕೊಳ್ಳಿ. ಮ್ಯಾನೇಜರು ಕಳಿಸಿದರು ಅಂತ ಬಂದೆ... ಅಲ್ಲ, ನನಗೂ ಬರಬೇಕು ಅಂತಿತ್ತು. ತುಳಸಿದಾಸಣ್ಣ ಹೋಗಿ ಹನ್ನೊಂದು ದಿನ. ಅಮದಳ್ಳಿಯ ಕಾರ್ಖಾನೆಯಿಂದ ನಿಮ್ಮ ಹಾರವಾಡ ಎಷ್ಟು ದೂರ? ಬರಲಿಕ್ಕೆ ಆಗಲಿಲ್ಲ.

ಒಂದೇ ಸಹಿ. ಇಲ್ಲಿ ಕೆಳಗೆ. ಓದಿ ಹೇಳ್ಲಾ? ‘ನನ್ನ ಗಂಡ ಸೂಚನೆ ಮೀರಿ, ಸ್ವಂತ ಅಜಾಗರೂಕತೆಯಿಂದ...’

ಎಂತಕ್ಕೆ ನಗ್ತೀರಿ?

ನಗಬೇಡಿ ಬೇಬಕ್ಕಾ. ಕಾಗದದ ಭಾಷೆ ಅದು. ನಾನು ಬರೆದದ್ದಲ್ಲ.

ಕಾರ್ಖಾನೆ ಒಳಗೆ ನೀವು ಯಾವತ್ತೂ ಬಂದಿಲ್ಲ ಅಲ್ರಾ? ಹೇಳ್ತೇನೆ, ಕೇಳಿ. ಮೀನು ತೊಳೆದ ನೀರು ಶುದ್ಧ ಮಾಡ್ಲಿಕ್ಕೆ ನಮ್ಮ ವಿಭಾಗಕ್ಕೆ ಬರ್ತದೆ. ರಕ್ತ, ಜಿಡ್ಡು, ಉಪ್ಪು, ಎಲ್ಲ ಸೇರಿ. ಮೊದಲನೇ ತೊಟ್ಟಿಯಲ್ಲಿ ಕಬ್ಬಿಣದ ಫಲಕಗಳು. ಕರೆಂಟು ಬಿಟ್ಟರೆ ಕೊಳೆ ಗಂಟುಗಂಟಾಗಿ ಮೇಲೆ ತೇಲ್ತದೆ. ಎರಡನೇ ತೊಟ್ಟಿಯಲ್ಲಿ ಬೇರೆ ಫಲಕ. ಅಲ್ಲಿ ಕರೆಂಟು ಆ ಉಪ್ಪಿನಿಂದಲೇ ಕ್ಲೋರಿನ್ ಹುಟ್ಟಿಸ್ತದೆ, ಉಳಿದ ಕೊಳೆಯನ್ನ ಸುಡ್ತದೆ. ಹೊರಗೆ ಬರುವಾಗ ನೀರು ಎಷ್ಟು ತಿಳಿ ಅಂದ್ರೆ... ನೋಡಿದವರು ಕುಡಿಯಬಹುದಾ ಅಂತ ಕೇಳ್ತಾರೆ.

ಆ ಫಲಕಗಳಿಗೆ ಬಿಳಿ ಹಕ್ಕಳೆ ಕಟ್ತದೆ. ಹದಿನೈದು ದಿನಕ್ಕೊಮ್ಮೆ ತೆಗೆದು ಆಸಿಡ್‌ನಲ್ಲಿ ನೆನೆಸಬೇಕು. ಡ್ರಮ್ಮಿನಲ್ಲಿ ಮೊದಲು ಸಿಹಿನೀರು, ಆಮೇಲೆ ಆಸಿಡ್. ಅಷ್ಟೇ ಕೆಲಸ. ಗೋಡೆ ಮೇಲೆ ನಾನೇ ಬರೆದು ಅಂಟಿಸಿದ್ದೇನೆ, ದೊಡ್ಡ ಅಕ್ಷರದಲ್ಲಿ. ಅಣ್ಣನಿಗೆ ಓದ್ಲಿಕ್ಕೆ ಬರ್ತಿತ್ತು. ಬರ್ತಿತ್ತು ಅಲ್ಲಾ?

...ಹಾಗೆ ನೋಡಬೇಡಿ.

ಅವತ್ತು ಫಲಕ ತೊಳೀಲೇಬೇಕಿತ್ತು, ಮರುದಿನ ತಪಾಸಣೆ ಇತ್ತು. ಅಂಕೋಲೆಯಿಂದ ಟ್ಯಾಂಕರ್ ಬರಲಿಲ್ಲ. ಸಿಹಿನೀರು ಒಂದು ಕೊಡ ಇಲ್ಲ. ಡ್ರಮ್ಮಿಗೆ ಬೇರೆ ನೀರು ಬಿತ್ತು. ಅಣ್ಣ ಆಸಿಡ್ ಹೊಯ್ದ ಕೂಡ್ಲೇ ಹಳದಿ ಹೊಗೆ ಎದ್ದಿತು. ನಾನು ಪಕ್ಕದ ಕೋಣೆಯಲ್ಲಿ ಸ್ಯಾಂಪಲ್ ನೋಡ್ತಿದ್ದೆ. ಕೆಮ್ಮು ಕೇಳಿತು. ಕೆಮ್ಮೋದು ಯಾವಾಗಲೂ ಇತ್ತು ಅವರಿಗೆ, ಬೀಡಿಯ ಕೆಮ್ಮು... ರೀಡಿಂಗ್ ಮುಗಿಸಿ ಎದ್ದೆ. ಎರಡು ನಿಮಿಷ. ಎರಡೇ ನಿಮಿಷ ಬೇಬಕ್ಕಾ.

ಆ ವಾಸನೆ ಈಗ ಎಲ್ಲ ಕಡೆ ಬರ್ತದೆ. ಅನ್ನದಲ್ಲಿ. ತಲೆದಿಂಬಿನಲ್ಲಿ. ನಿಮ್ಮ ಅಂಗಳದಲ್ಲಿ ಇಷ್ಟು ಒಣಮೀನು ಹರಡಿದೆ, ಅದರ ನಡುವೆಯೂ... ನಿಮಗೆ ಬರಲ್ವಾ?

ಏನಾದ್ರೂ ಹೇಳಿ. ಬಯ್ಯಿರಿ. ಮ್ಯಾನೇಜರು, ಪೊಲೀಸರು, ಎಲ್ಲರೂ ಕೇಳಿದರು: ಆಸಿಡ್ ಎಷ್ಟು, ಮಾಸ್ಕ್ ಎಲ್ಲಿತ್ತು, ಕಿಟಕಿ ಯಾಕೆ ಮುಚ್ಚಿತ್ತು. ಯಾವ ನೀರು ಅಂತ ಯಾರೂ ಕೇಳಲಿಲ್ಲ. ನೀರು ನೀರೇ ಅಲ್ವಾ ಅವರಿಗೆ! ನೀವೂ ಕೇಳ್ತಾ ಇಲ್ಲ.

ಎರಡನೇ ತೊಟ್ಟಿಯದು. ಕ್ಲೋರಿನ್ ಇನ್ನೂ ಅದರೊಳಗೇ ಇತ್ತು. ಆಸಿಡ್ ಬಿದ್ದರೆ ಅದು ವಿಷಗಾಳಿಯಾಗಿ ಹೊರಗೆ ಬರ್ತದೆ. ಎಂ.ಎಸ್ಸಿ. ಓದಿದ ನನಗೆ ಬಿಡಿ, ಕಾಲೇಜು ಮಕ್ಕಳಿಗೂ ಗೊತ್ತು.

ಅವರು ಕೇಳಿದ್ದರು ಬೇಬಕ್ಕಾ. ಮೊದಲು ದೋಣಿಗೆ ಹೋಗ್ತಿದ್ದವರು. ಅಲ್ಲಿ ಚುಕ್ಕಾಣಿ ಹಿಡಿದ ತಾಂಡೇಲ ಹೇಳಿದ್ದನ್ನ ತಿರುಗಿ ಕೂಗಿ ಹೇಳಬೇಕಂತಲ್ಲ, ಗಾಳಿಯಲ್ಲಿ ತಪ್ಪು ಕೇಳಿರಬಾರದು ಅಂತ... ಹಾಗೇ ಬಾಗಿಲಲ್ಲಿ ನಿಂತು ಕೂಗಿದರು: ‘ಎರಡನೇ ತೊಟ್ಟಿ ನೀರು ಹಾಕ್ತೆ ಅಕ್ಕೋರೇ, ಹೌದ್ರಾ?’ ನಾನೇ ಹೇಳಿದ್ದು. ತಿಳಿಯಾಗಿದೆ, ಅದನ್ನೇ ಹಾಕಿ ಅಂತ. ಅವರು ತಿರುಗಿ ಕೇಳಿದಾಗ ತಲೆ ಎತ್ತಲಿಲ್ಲ. ಹೂಂ ಅಂದೆ.

ಕೊಡಿ ಆ ಕಾಗದ. ಸಹಿ ಬೇಡ.

...ನೀವು ಬೆಚ್ಚಲೂ ಇಲ್ಲ. ಕಾರವಾರದ ಆಸ್ಪತ್ರೆಯಲ್ಲಿ ಎರಡು ದಿನ ಅವರ ತಲೆಯ ಹತ್ತಿರ ಕೂತವರು ನೀವು. ಅಣ್ಣ ನಿಮಗೆ ಹೇಳಿದ್ದರಾ? ಹೌದು ಅಂತ ತಲೆ ಆಡಿಸ್ತೀರಿ. ಹೇಳಿದ್ದರು.

ಹಾಗಾದ್ರೆ ಪೊಲೀಸರು ಬಂದಾಗ ನೀವು ನನ್ನ ಹೆಸರು ಯಾಕೆ ಹೇಳಲಿಲ್ಲ, ಬೇಬಕ್ಕಾ?