ಅಕ್ಕನ ಮುಂದೆ ತೊಡೆ ತಟ್ಟಿದ್ದು

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸು. ನನ್ನ ಮುಂದಿನ ಸೀಟಿನಲ್ಲಿದ್ದ ಗಂಡ ಹೆಂಡತಿ ಮಣ್ಣಿಗೆ ಹೋಗಿ ಬಂದವರು. ಸ್ನಾನ ಮಾಡಿದ ತಲೆ ಇಬ್ಬರದೂ ಇನ್ನೂ ಒದ್ದೆಯಿತ್ತು.

"ಹೆಣದ ಮುಂದೆ ತೊಡೆ ತಟ್ಟೋದೇನ್ರೀ ಆ ಹುಡುಗ್ರು!"

"ಅವ್ರದ್ದೇನು ತಪ್ಪು ಮಾರಾಯ್ತಿ? ನನ್ನ ಕಬಡ್ಡಿ ಹಾಡು ಅಂದ್ಕೊಂಡ್ರು. ಆಟಗಾರರು ತೊಡೆ ತಟ್ಟಿ ಅಂಕಣಕ್ಕೆ ಇಳಿಯುವಾಗ ಎಲ್ಲಾ ಕಡೆ ಅದನ್ನೇ ಹಾಕ್ತಾರೆ."

"ನೀವು ಹಾಡಿದ್ದು ವಚನ."

"ರಾಗ ಒಂದೇ ಅಲ್ವಾ? ಚಿಕ್ಕೋನಿದ್ದಾಗ ಅಕ್ಕ ನನ್ನ ಮಲಗಿಸೋಕೆ ಹಾಡ್ತಿದ್ಲು. ಟೀಮಿನೋರು ನಾಳೇನೇ ಹಾಡು ಬೇಕು ಅಂದಾಗ, ಅದನ್ನೇ ಸ್ವಲ್ಪ ಓಡಿಸಿ ಕೊಟ್ಟೆ."

"ಅಕ್ಕಾವ್ರಿಗೆ ಗೊತ್ತಿತ್ತಾ?"

"ಗೊತ್ತಿತ್ತು. ನಕ್ಕಳು. ನಾನು ಸತ್ತಾಗ ಮಾತ್ರ ನಿಧಾನಕ್ಕೆ ಹಾಡೋ ಅಂದಿದ್ಲು."

"ನಿಧಾನಕ್ಕೇ ಹಾಡಿದ್ರಿ."

"ಎಷ್ಟು ನಿಧಾನ ಮಾಡಿದ್ರೂ ಆ ಹುಡುಗ್ರು ರಾಗ ಹಿಡ್ಕೊಂಡ್ಬಿಟ್ರಲ್ಲ."

"ನಾಟಕಕ್ಕೆ, ರೇಡಿಯೋಗೆ ಅಂತ ಅಷ್ಟೊಂದು ಹಾಡು ಮಾಡಿದೀರಿ. ಬೇರೆ ರಾಗದಲ್ಲಿ ಹಾಡ್ಬೋದಿತ್ತು."

"ಅವೆಲ್ಲ ಯಾರಿಗೆ ನೆನಪಿದೆ, ಸುಮನಾ? ನಂಗೇ ಇಲ್ಲ."

ಕಂಡಕ್ಟರ್ "ವಿದ್ಯಾನಗರ" ಎಂದು ಕೂಗಿದ. ಇಬ್ಬರೂ ಎದ್ದರು. ಆಕೆ ದನಿ ತಗ್ಗಿಸಿದರು.

"ಹುಡುಗ್ರ ಮಾತು ಬಿಡಿ. ಅವ್ರ ಜೊತೆ ನೀವೂ ತಟ್ಟಿದ್ರಲ್ಲ, ಅದು?"

"ನೋಡಿದ್ಯಾ?"

"ಎಲ್ರೂ ನೋಡಿದ್ರು."

ಆತ ಬಲಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡರು.

"ತಟ್ಟಿದ ಮೇಲೇ ನಂಗೂ ಗೊತ್ತಾಗಿದ್ದು."

ಮೆಟ್ಟಿಲು ಇಳಿಯುವಾಗಲೂ ಆ ಕೈಯನ್ನು ಹೊರಗೆ ತೆಗೆಯಲಿಲ್ಲ.