ಕೀಲು ಹೋಗಿದೆ, ಸಾವ್ಕಾರ್ರೇ

ನೋಡಿ, ಗುಡ್ಡದ ಮೇಲಿನ ಒಂದೂರಿನಲ್ಲಿ ಒಬ್ಬ ಸಾಹುಕಾರ. ಎಂಥ ಶ್ರೀಮಂತ ಅಂತೀರಿ? ಅವನ ಕಾಫಿ ತೋಟದ ಈ ಬೇಲಿಯಲ್ಲಿ ನಿಂತು ಕೂಗಿದರೆ ಆ ಬೇಲಿಗೆ ಕೂಗು ಮುಟ್ಟಲು ಮೂರು ದಿನ ಬೇಕಿತ್ತು! ನಗಬೇಡಿ, ನಾನು ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ. ಅವನಲ್ಲಿ ನಾಲ್ಕು ಚಕ್ರವೂ ಎಳೆಯುವ ಒಂದು ಟ್ರಕ್ಕಿತ್ತು. ಮೇಕೆ ಕೂಡ ನಿಂತು ಯೋಚನೆ ಮಾಡುವಂಥ ಕಡಿದಾದ ಜಾಗದಲ್ಲಿ ಅದು ಮೂಟೆ ಹೊತ್ತು ಹತ್ತುತ್ತಿತ್ತು. ಅದಕ್ಕೊಬ್ಬ ಡ್ರೈವರ್, ಇಪ್ಪತ್ತೆರಡು ವರ್ಷದಿಂದ ಅವನೇ. ಅವನ ಕಿವಿಯೋ, ಪಕ್ಕದ ಗುಡ್ಡದಲ್ಲಿ ಇರುವೆ ಆಕಳಿಸಿದರೂ ಕೇಳಿಸಿಕೊಳ್ಳುವ ಕಿವಿ.

ಆಯುಧಪೂಜೆಯ ಬೆಳಿಗ್ಗೆ. ತೋಟದ ಆಳುಕಾಳೆಲ್ಲ ಅಂಗಳದಲ್ಲಿ ಸೇರಿದ್ದಾರೆ. ಟ್ರಕ್ಕಿಗೆ ಹಾರ ಹಾಕಬೇಕು, ಆಗ ಡ್ರೈವರ್ ಕೈಕಟ್ಟಿ ನಿಂತ.

"ಸಾವ್ಕಾರ್ರೇ, ಮುಂದುಗಡೆ ಕೀಲು ಹೋಗಿದೆ."

ಗ್ಯಾರೇಜಿನವರು ಅದಕ್ಕೆ ಆಕ್ಸಲ್ ಜಾಯಿಂಟ್ ಎನ್ನುತ್ತಾರೆ. ಚಕ್ರ ಅತ್ತಿತ್ತ ತಿರುಗಿದರೂ ಎಂಜಿನ್ನಿನ ಎಳೆತವನ್ನು ಅದಕ್ಕೆ ಮುಟ್ಟಿಸುವ ಕೀಲು ಅದು. ಹಳೆಯ ಮನುಷ್ಯ, ಮಂಡಿಗೂ ಗಾಡಿಗೂ ಒಂದೇ ಪದ, ಕೀಲು ಎಂದ. ಆ ಒಂದು ಪದ ನೋಡಿ, ಎಲ್ಲವನ್ನೂ ಕೆಡಿಸಿತು.

"ಯಾರ್ದೋ? ನಿಂದಾ?" ಎಂದ ಸಾಹುಕಾರ.

ಅಂಗಳವೆಲ್ಲ ಘೊಳ್ ಎಂದಿತು.

"ಅಲ್ಲ ಸಾವ್ಕಾರ್ರೇ, ಗಾಡೀದು. ನೆಟ್ಟಗೆ ಹೋಗ್ವಾಗ ಸದ್ದಿಲ್ಲ. ಎಡಕ್ಕೆ ತಿರುಗಿಸಿದ್ರೂ ಇಲ್ಲ. ಬಲಕ್ಕೆ ಪೂರ್ತಿ ತಿರುಗಿಸಿ ಆಕ್ಸಿಲೇಟರ್ ಒತ್ತಿದ್ರೆ ಕಟಕಟ ಅಂತದೆ. ಎಡಗಡೆ ಚಕ್ರದ್ದೇ. ಒಂದ್ ದಿನ ನಿಲ್ಸಿ, ಹೊಸದು ಹಾಕ್ಸೋಣ."

"ನಿನ್ನ ಮಂಡಿ ಸದ್ದನ್ನ ಗಾಡಿ ತಲೆಗೆ ಕಟ್ತೀಯೇನೋ? ಎಲ್ಲಿ, ನಡಿ ನೋಡೋಣ. ಆ ತುಳಸಿಕಟ್ಟೆವರೆಗೂ ನಡಿ!"

ಇಪ್ಪತ್ತೆರಡು ವರ್ಷ ಕ್ಲಚ್ಚು ತುಳಿದ ಕಾಲು. ಕುಂಟುತ್ತಾ ನಡೆದ. ಏಳನೆಯ ಹೆಜ್ಜೆಗೆ ಮಂಡಿ ಲಟಕ್ ಎಂದಿತು. ಅವತ್ತು ಎದ್ದ ನಗೆಗೆ ಗುಡ್ಡದ ಕಾಗೆಗಳೆಲ್ಲ ಹಾರಿಹೋಗಿ ಇನ್ನೂ ವಾಪಸ್ಸು ಬಂದಿಲ್ಲವಂತೆ! ಆದರೆ ನಡೆದವನು ನಗಲಿಲ್ಲ. ಹಿಂತಿರುಗಿ ಬಂದು, ಟ್ರಕ್ಕಿನ ಬೀಗದ ಕೈಯನ್ನು ಪೂಜೆಯ ತಟ್ಟೆಯಲ್ಲಿಟ್ಟು, ಕೈಮುಗಿದು ಹೋದ. ದೇವರಿಗೆ ಮುಗಿದನೋ, ಗಾಡಿಗೋ, ಯಾರಿಗೆ ಗೊತ್ತು?

ಹೊಸ ಡ್ರೈವರ್ ಬಂದ. ಇಪ್ಪತ್ತು ದಿನ ಓಡಿಸಿದ. ಇಪ್ಪತ್ತೊಂದನೆಯ ದಿನ ಏರಿನ ಬಲತಿರುವಿನಲ್ಲಿ ಢಣ್ ಎಂದು ಸದ್ದಾಯಿತು. ಗಾಡಿ ಮುಂದಕ್ಕೆ ಹೋಗದೆ ಅಲ್ಲೇ ನಿಂತಿತು. ಸದ್ಯ, ಯಾರಿಗೂ ಪೆಟ್ಟಾಗಲಿಲ್ಲ.

ಗ್ಯಾರೇಜಿನ ಮೇಸ್ತ್ರಿ ಬಂದ. ಜಾಕು ಕೊಟ್ಟು ಎಡಚಕ್ರ ಎತ್ತಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ ನೋಡಿದ. ಚಕ್ರ ತಿರುಗಿತು, ಒಳಗಿನ ಆಕ್ಸಲ್ ಮಾತ್ರ ಅಲುಗಲಿಲ್ಲ. ಚಕ್ರ ಬಿಚ್ಚಿದ, ಚಕ್ರ ಕೂರುವ ಹಬ್ಬು ಬಿಚ್ಚಿದ, ಆಕ್ಸಲ್ ಎಳೆದ. ಒಡೆದ ಉಕ್ಕಿನ ಗುಂಡುಗಳು ಅಂಗೈಗೆ ಉದುರಿದವು. ಆದರೆ ಅವನು ನೋಡುತ್ತಿದ್ದದ್ದು ಗುಂಡುಗಳನ್ನಲ್ಲ. ಜಾಯಿಂಟನ್ನು ಮುಚ್ಚುವ ರಬ್ಬರು ಹರಿದಿತ್ತು. ಹರಿದ ಕಡೆ ದಪ್ಪ ಬಟ್ಟೆ ಸುತ್ತಿ, ತಾಮ್ರದ ತಂತಿ ಬಿಗಿದು, ಒಳಗೆ ಗ್ರೀಸು ತುಂಬಲಾಗಿತ್ತು.

"ಸಾವ್ಕಾರ್ರೇ, ಇದನ್ನ ಕಟ್ಟಿದೋರು ಯಾರು? ಮಣ್ಣು, ನೀರು ಹೋಗ್ದಂಗೆ ವಾರವಾರ ಬಿಚ್ಚಿ ಕಟ್ಟಿದಾರೆ. ಇಲ್ಲಾಂದ್ರೆ ಹೋದ ಮಳೆಗಾಲಕ್ಕೇ ಮುರೀತಿತ್ತು. ಆವಾಗ ಮೂಟೆ ಮೇಲೆ ಹತ್ತು ಜನ ಕೂತಿರ್ತಿದ್ರು."

ಸಾಹುಕಾರ ಬಾಗಿ ನೋಡಿದ. ಖಾಕಿ ಬಟ್ಟೆ. ಅಂಚಿನಲ್ಲಿ ಇನ್ನೂ ಒಂದು ಗುಂಡಿ. ಹೋದ ವರ್ಷದ ಹಬ್ಬಕ್ಕೆ ತಾನೇ ಡ್ರೈವರಿಗೆ ಕೊಟ್ಟ ಹೊಸ ಅಂಗಿ! ಕೊಟ್ಟದ್ದು ಹಾಕಿಕೊಳ್ಳುವುದಿಲ್ಲ, ಸೊಕ್ಕು ಎಂದು ಎಷ್ಟು ಸಲ ಬೈದಿದ್ದ!

ಮೇಸ್ತ್ರಿ ಹೊಸ ಜಾಯಿಂಟು ಕೂರಿಸಿ, ಹೊಸ ರಬ್ಬರು ಬಿಗಿದ. ಅರ್ಧ ದಿನದ ಕೆಲಸ, ಅಷ್ಟೇ.

ಸಾಹುಕಾರ ನೇರ ಡ್ರೈವರನ ಕೇರಿಗೆ ಹೋದ. ತನ್ನ ಕಾರನ್ನು ದೂರ ನಿಲ್ಲಿಸಿ, ಹಿತ್ತಲ ಬಾಗಿಲಿನಿಂದ ಒಳಗೆ ಕಾಲಿಟ್ಟ. ಡ್ರೈವರ್ ಮಂಡಿಗೆ ಬಿಸಿನೀರಿನ ಶಾಖ ಕೊಡುತ್ತಿದ್ದವನು ಎದ್ದು ನಿಂತ.

"ಕೂತ್ಕೊಳ್ಳಿ ಸಾವ್ಕಾರ್ರೇ. ಗಾಡಿ ಹೆಂಗದೆ? ಬಲಕ್ಕೆ ತಿರುಗ್ಸಿದ್ರೆ ಸದ್ದದಾ?"

"ಇಲ್ಲ ಕಣೋ."

"ಒಳ್ಳೇದಾಯ್ತು."

"ನಂದು ತಪ್ಪಾಯ್ತು. ಬಾ, ನಾಳೆಯಿಂದ ನೀನೇ ಓಡ್ಸು."

ಡ್ರೈವರ್ ಶಾಖದ ಬಟ್ಟೆಯನ್ನು ಹಿಂಡಿ ಪಕ್ಕಕ್ಕಿಟ್ಟ.

"ಬತ್ತೀನಿ. ಆದ್ರೆ ಈ ಮಾತ್ನ ಮುಂದ್ಗಡೆ ಜಗಲೀಗೆ ಬಂದು ಹೇಳಿ. ಮೊಮ್ಮಗಳು ಅಲ್ಲೇ ಅವ್ಳೆ. ಅವತ್ತು ಅಂಗಳದಲ್ಲಿ ಅವ್ಳೂ ಇದ್ಲು. 'ತಾತಾ, ನೀನು ನಡೆದ್ರೆ ಎಲ್ರೂ ಯಾಕೆ ನಗ್ತಾರೆ?' ಅಂತ ಇವತ್ತಿಗೂ ಕೇಳ್ತಾಳೆ. ಅವ್ಳಿಗೆ ಉತ್ರಾನ ನೀವೇ ಹೇಳ್ಬಿಡಿ."

ಸಾಹುಕಾರ ಇಣುಕಿ ನೋಡಿದ. ಜಗಲಿಯಲ್ಲಿ ಮಗು. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ನೆರೆಹೊರೆಯ ನಾಲ್ಕು ಹೆಂಗಸರು. ಎಷ್ಟು ದೂರ? ಹತ್ತು ಹೆಜ್ಜೆ. ಅಷ್ಟು ದೊಡ್ಡ ತೋಟ ದಾಟುವವನಿಗೆ ಆ ಹತ್ತು ಹೆಜ್ಜೆ ದಾಟಲಾಗಲಿಲ್ಲ.

"ಇನ್ನೊಂದಿನ ಬರ್ತೀನಿ," ಎಂದು ಹಿತ್ತಲಿನಿಂದಲೇ ಹೋದ. ಆ ಇನ್ನೊಂದು ದಿನ ಬರಲೇ ಇಲ್ಲ.

ಈಗಲೂ ಅವನು ಆಳುಗಳನ್ನು ಕರೆದು ಕೇಳುತ್ತಾನಂತೆ, "ಏನಾದ್ರೂ ತೊಂದ್ರೆ ಇದ್ರೆ ಹೇಳ್ರಪ್ಪಾ" ಎಂದು. "ಏನೂ ಇಲ್ಲ ಸಾವ್ಕಾರ್ರೇ, ಎಲ್ಲಾ ಚೆನ್ನಾಗದೆ," ಎನ್ನುತ್ತಾರೆ ಎಲ್ಲರೂ. ಅಷ್ಟು ಜನರ ನಡುವೆ ಅವನಿಗೆ ನಿಜ ಹೇಳುವವರು ಒಬ್ಬರೂ ಉಳಿದಿಲ್ಲ. ಇದಕ್ಕಿಂತ ದೊಡ್ಡ ಬಡತನ ಉಂಟೇ?

ಸಾಹುಕಾರನನ್ನು ಬೈದು ಸುಮ್ಮನಾಗಬೇಡಿ. ನಾನು ಕೇಳುತ್ತಿರುವುದು ಈ ಸಭೆಯಲ್ಲಿ ಕೂತ ನಿಮ್ಮನ್ನು. ಹೌದು, ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿದವರೇ, ನಿಮ್ಮನ್ನೂ! ಮನೆಯಲ್ಲಿ ಹೆಂಡತಿ ಏನೋ ಹೇಳಲು ಬಂದಾಗ ನೆಂಟರೆದುರು ಅವಳ ಮಾತನ್ನು ಅಣಕಿಸಿಲ್ಲವೇ? ಅಂಗಡಿಯ ಕೆಲಸದವನು ಇದು ಸರಿಯಿಲ್ಲ ಎಂದಾಗ ಗಿರಾಕಿಗಳ ಮುಂದೆ ಅವನ ಮೈಯ ಕುಂದನ್ನು ಎತ್ತಿ ಆಡಿಲ್ಲವೇ? ಆಮೇಲೆ ಮೂಲೆಯಲ್ಲಿ ಪಿಸುಗುಟ್ಟಿ "ಬೇಜಾರು ಮಾಡ್ಕೋಬೇಡ" ಎಂದುಬಿಟ್ಟರೆ ಮುಗಿಯಿತೇ? ಮುಗಿಯುವುದಿಲ್ಲ. ಎಲ್ಲಿ ನಕ್ಕಿರೋ ಅಲ್ಲೇ ಕ್ಷಮೆ ಕೇಳಬೇಕು. ಯಾರ ಮುಂದೆ ನಕ್ಕಿರೋ ಅವರ ಮುಂದೆಯೇ ಕೇಳಬೇಕು. ಊಟಕ್ಕೆ ಕೂತಾಗ ನಕ್ಕಿದ್ದರೆ ಎಲ್ಲರೂ ಊಟಕ್ಕೆ ಕೂತಾಗ ಕೇಳಿ. ಅಂಗಡಿಯಲ್ಲಾದರೆ ಗಿರಾಕಿಗಳಿರುವಾಗಲೇ ಕೇಳಿ. ನಾಳೆಯಿಂದ ಯಾರಾದರೂ "ಇಲ್ಲೇನೋ ಕೆಟ್ಟಿದೆ" ಎಂದರೆ ಮೊದಲು ನಗಬೇಡಿ. ಎಲ್ಲಿ, ಯಾವಾಗ ಎಂದು ಕೇಳಿ.

ಈಗ ನಿಮಗೊಂದು ಮುಖ ನೆನಪಾಗಿದೆ. ನನಗೆ ಗೊತ್ತು. ಆ ಮುಖ ಈ ಸಭೆಯಲ್ಲೇ ಕೂತಿದ್ದರೆ ಎದ್ದು ಅವರ ಹತ್ತಿರ ಹೋಗಿ. ನಾನು ಮಾತು ನಿಲ್ಲಿಸಿ ಕಾಯುತ್ತೇನೆ.